ಐದನೇ ಗೇಟಿನ ಪಕ್ಕದ ಭಾಷಾಶಾಲೆ

2006ರ ಆಗಸ್ಟಿನಲ್ಲಿ ನಾನು ಬೀಜಿಂಗಿಗೆ ಹೊರಟಾಗ ಮನೆಯಲ್ಲಿ ಎಲ್ಲರಿಗಿಂತ ಜಾಸ್ತಿ ತಲೆ ಕೆಡಿಸಿಕೊಂಡಿದ್ದು ನಮ್ಮಜ್ಜಿ. ಊಟ-ತಿಂಡಿಯ ಚಿಂತೆ ಅಮ್ಮನದ್ದಾದರೆ ಅಜ್ಜಿಯ ಚಿಂತೆ ಬೇರೆ. "ಅಲ್ಲಾ ಕಣೋ, ನಮ್ಮ ಮೇಲೆ ಯುದ್ಧಕ್ಕೆ ಬಂದೋರ ಊರಿಗೆ ಓದಕ್ಕೆ ಹೋಗ್ತೀಯಾ? ಆವಾಗ ನಾನು ನನ್ನ ಒಂದೆಳೆ ಸರ ಬಿಚ್ಚಿ ಕೊಟ್ಟಿದ್ದೆ, ಗೊತ್ತಾ ನಿಂಗೆ?" ಅಂದಿದ್ದರು. 1962ರಲ್ಲಿ ದೇಶರಕ್ಷಣಾ ನಿಧಿಗೆ ಹೆಂಗಸರು ಬಳೆ, ಉಂಗುರ, ಸರ ಕೊಟ್ಟ ಕತೆಯನ್ನು ನಿಮ್ಮ ಮನೆಯ ಹಿರಿಯರೂ ಹೇಳಿರಬಹುದು. ನಮ್ಮನೆಯಲ್ಲಿ ಅದು ಚಿಕ್ಕಂದಿನಿಂದ ಕೇಳಿ ಕೇಳಿ ಸವೆದುಹೋದ ಕತೆ. ನಕ್ಕು, ಕಾಲಿಗೆ ಬಿದ್ದು ಹೊರಟೆ.

ನಾನು ಸೇರಿದ್ದು ಬೀಜಿಂಗ್ ಭಾಷಾ ಮತ್ತು ಸಂಸ್ಕೃತಿ ವಿಶ್ವವಿದ್ಯಾಲಯಕ್ಕೆ. ವಿದೇಶೀಯರಿಗೆ ಚೀನೀ ಭಾಷೆ ಕಲಿಸುವುದಕ್ಕೆಂದೇ ಹುಟ್ಟಿದ ಜಾಗ ಅದು. ಸೇರಿದ ಮೊದಲ ವಾರ ಅದರ ಇತಿಹಾಸದ ಬಗ್ಗೆ ಓದುತ್ತಾ ಸ್ಥಾಪನೆಯಾದ ವರ್ಷ ನೋಡಿ ಒಂದು ಕ್ಷಣ ಹಾಗೇ ನಿಂತೆ. 1962. ಅಜ್ಜಿಯ ಸರದ ವರ್ಷ!

ಅವತ್ತಿನಿಂದ ಈ ಶಾಲೆಯ ಚರಿತ್ರೆ ಹುಡುಕುವ ಚಟ ಹತ್ತಿತು. ಆಗೊಮ್ಮೆ ಈಗೊಮ್ಮೆ ಓದಿ ಒಟ್ಟುಮಾಡಿಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಯಿತು, ಸಹಿಸಿಕೊಳ್ಳಿ :-)

ಮೊದಲು ಜಾಗದ ಪರಿಚಯ. ಬೀಜಿಂಗಿನ ವಾಯವ್ಯಕ್ಕೆ ಹೈದಿಯನ್ ಅಂತ ಒಂದು ಜಿಲ್ಲೆ. ಪೀಕಿಂಗ್ ವಿಶ್ವವಿದ್ಯಾಲಯ, ಚಿಂಗ್ಹುವಾ ವಿಶ್ವವಿದ್ಯಾಲಯ ಎಲ್ಲಾ ಇರುವುದು ಅಲ್ಲೇ. ನಮ್ಮ ಶಾಲೆಯ ಹತ್ತಿರದ ಮೆಟ್ರೋ ನಿಲ್ದಾಣದ ಹೆಸರು ವುದಾವ್ಕೌ. ವು ಅಂದರೆ ಐದು. ಪೂರ್ತಿ ಹೆಸರನ್ನು ನಮ್ಮ ಮಾತಿನಲ್ಲಿ ಹೇಳಬೇಕಂದರೆ 'ಐದನೇ ಗೇಟು', ರೈಲ್ವೆ ಗೇಟು! 1909ರಲ್ಲಿ ಬೀಜಿಂಗಿನಿಂದ ಝಾಂಗ್‌ಜಿಯಾಕೌವರೆಗೆ ಝಾನ್ ತಿಯನ್‌ಯೌ ಎಂಬ ಇಂಜಿನಿಯರು ಒಂದು ರೈಲುಹಳಿ ಹಾಕಿಸಿದ. ಚೀನೀಯರು ತಮ್ಮದೇ ಇಂಜಿನಿಯರುಗಳ ಮುಂದಾಳತ್ವದಲ್ಲಿ ಕಟ್ಟಿದ ಹಳಿ ಅಂತ ಅದಕ್ಕೆ ಅಲ್ಲಿ ದೊಡ್ಡ ಹೆಸರು. ಆ ಹಳಿ ರಸ್ತೆಯನ್ನು ದಾಟುವ ಐದನೇ ಜಾಗವೇ ವುದಾವ್ಕೌ. ನಾನಿದ್ದಾಗ ಗೇಟು ಬೀಳುವ ಮುಂಚೆ ಗಂಟೆ ಬಾರಿಸುತ್ತಿತ್ತು. ನೂರಾರು ಸೈಕಲ್ಲುಗಳು ನಿಂತಲ್ಲೇ ನಿಲ್ಲುತ್ತಿದ್ದವು. ಬೆಳಿಗ್ಗೆ ಎಂಟರ ಕ್ಲಾಸಿಗೆ ತಡವಾದವರಿಗೆಲ್ಲ ಇದೊಂದು ಸಿದ್ಧ ನೆಪ. 2016ರಲ್ಲಿ ಆ ಗೇಟು ಮುಚ್ಚಿತು. 2019ರ ಕೊನೆಯಲ್ಲಿ ಶುರುವಾದ ವೇಗದ ರೈಲು ಅಲ್ಲಿ ನೆಲದಡಿಯ ಸುರಂಗದಲ್ಲಿ ಓಡುತ್ತದೆ. ಗೇಟು ಹೋಯಿತು, ಹೆಸರು ಉಳಿಯಿತು.

ಪರಭಾಷೆಯ ಶಾಲೆಗಳು ಚೀನಾಕ್ಕೆ ಹೊಸದೇನಲ್ಲ. 1407ರಲ್ಲೇ, ಮಿಂಗ್ ಅರಸು ಯೊಂಗ್ಲೆಯ ಕಾಲದಲ್ಲಿ, 'ಸಿಯಿ ಗ್ವಾನ್' ಎಂಬ ಅನುವಾದಕರ ಶಾಲೆ ಶುರುವಾಗಿತ್ತು. ಮೊದಲು ನಾನ್ಜಿಂಗಿನಲ್ಲಿತ್ತು, ರಾಜಧಾನಿಯ ಜೊತೆ ಬೀಜಿಂಗಿಗೆ ಬಂತು. ಹೊರನಾಡುಗಳಿಂದ ಬರುವ ಕಾಗದಪತ್ರ ಓದಿ ಉತ್ತರ ಬರೆಯುವವರನ್ನು ತಯಾರು ಮಾಡುವುದು ಅದರ ಕೆಲಸ. ಮಂಗೋಲ್, ಟಿಬೆಟನ್, ಪರ್ಷಿಯನ್, ಬರ್ಮೀಸ್ ಹೀಗೆ ಎಂಟು ವಿಭಾಗಗಳು. ಎಂಟರಲ್ಲಿ ಒಂದರ ಹೆಸರು 'ಶಿತಿಯನ್', ಪಡುವಣ ಸ್ವರ್ಗ. ಯಾವುದು ಈ ಸ್ವರ್ಗ ಅಂದುಕೊಂಡಿರಿ? ನಾವೇ! ಬುದ್ಧ ಹುಟ್ಟಿದ ನಾಡು ಅಂತ ಅವರು ನಮ್ಮ ದೇಶವನ್ನು ಕರೆಯುತ್ತಿದ್ದ ಹೆಸರು ಅದು. ಝೆಂಗ್ ಹೆಯ ಹಡಗುಗಳು ಕಲ್ಲಿಕೋಟೆಗೆ ಬಂದಿದ್ದೂ ಅದೇ ವರ್ಷಗಳಲ್ಲಿ.

ಆಮೇಲಿನ ದೊಡ್ಡ ಶಾಲೆ 'ತುಂಗ್ವೆನ್ ಗ್ವಾನ್', 1862ರದ್ದು. ಅದು ಹುಟ್ಟಿದ್ದು ಸೋಲಿನಿಂದ. ಅಫೀಮು ಯುದ್ಧದಲ್ಲಿ ಸೋತ ಚಿಂಗ್ ಸರ್ಕಾರ 1858ರಲ್ಲಿ ಬ್ರಿಟನ್ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಒಂದು ಷರತ್ತಿತ್ತು. ಇನ್ನು ಮೇಲೆ ಬ್ರಿಟಿಷರ ಪತ್ರಗಳೆಲ್ಲ ಇಂಗ್ಲಿಷಿನಲ್ಲೇ ಇರುತ್ತವೆ, ಅರ್ಥದಲ್ಲಿ ತಕರಾರು ಬಂದರೆ ಇಂಗ್ಲಿಷಿನಲ್ಲಿರುವುದೇ ಸರಿ. ಶತ್ರುವಿನ ಭಾಷೆ ಬಾರದಿದ್ದರೆ ಸಹಿ ಹಾಕಿದ ಕಾಗದದಲ್ಲಿ ಏನಿದೆ ಅನ್ನುವುದೇ ಗೊತ್ತಾಗುವುದಿಲ್ಲ! ಆ ಭಯಕ್ಕೆ ಹುಟ್ಟಿದ ಶಾಲೆ ಇದು. ಸರಿಯಾಗಿ ನೂರು ವರ್ಷ ಆದ ಮೇಲೆ ಅದೇ ಊರಿನಲ್ಲಿ ಹುಟ್ಟಿದ ಇನ್ನೊಂದು ಶಾಲೆ ಈ ಲೆಕ್ಕವನ್ನು ತಿರುಗುಮುರುಗು ಮಾಡಿತು. ಅಲ್ಲಿ ಚೀನೀಯರು ಪರಭಾಷೆ ಕಲಿತರು, ಇಲ್ಲಿ ಪರಭಾಷೆಯವರು ಚೀನೀ ಕಲಿಯಬೇಕು.

ಅದಕ್ಕೂ ಸ್ವಲ್ಪ ಹಿನ್ನೆಲೆ ಇದೆ. 1949ರಲ್ಲಿ ಕಮ್ಯುನಿಸ್ಟ್ ಸರ್ಕಾರ ಬಂದ ಮೇಲೆ, 1950ರ ಕೊನೆಯಿಂದ ಪೂರ್ವ ಯೂರೋಪಿನ ದೇಶಗಳ 33 ಮಂದಿ ವಿದ್ಯಾರ್ಥಿಗಳು ಚಿಂಗ್ಹುವಾಕ್ಕೆ ಬಂದರು. ಹೊಸ ಚೀನಾದಲ್ಲಿ ವಿದೇಶೀಯರಿಗೆ ಚೀನೀ ಕಲಿಸಿದ ಮೊದಲ ತರಗತಿ ಅದು. ಆ ತಂಡದಲ್ಲಿದ್ದ ರುಮೇನಿಯಾದ ರೊಮುಲುಸ್ ಬುದುರಾ ಮುಂದೆ ತನ್ನ ದೇಶದ ನಾಯಕರಿಗೆ ದುಭಾಷಿಯಾಗಿ, 1990ರ ದಶಕದಲ್ಲಿ ಬೀಜಿಂಗಿನಲ್ಲಿ ರಾಯಭಾರಿಯಾಗಿ ಕೆಲಸ ಮಾಡಿದರು. 1952ರಲ್ಲಿ ಆ ತರಗತಿ ಪೀಕಿಂಗ್ ವಿಶ್ವವಿದ್ಯಾಲಯಕ್ಕೆ ಹೋಯಿತು. ಆಮೇಲೆ ವಿಯೆಟ್ನಾಮಿನವರು ಬಂದರು, ಕೊರಿಯಾದವರು ಬಂದರು. 1958ರಲ್ಲಿ ಪಿನ್‌ಯಿನ್, ಅಂದರೆ ಚೀನೀ ಉಚ್ಚಾರವನ್ನು ರೋಮನ್ ಅಕ್ಷರದಲ್ಲಿ ಬರೆಯುವ ಪದ್ಧತಿ, ಅಧಿಕೃತವಾಯಿತು. ಅದೇ ವರ್ಷ ವಿದೇಶೀಯರಿಗಾಗಿಯೇ ಬರೆದ ಪಠ್ಯಪುಸ್ತಕ ಅಚ್ಚಾಗಿ ಬಂತು.

1960ರ ಸುತ್ತಮುತ್ತ ಆಫ್ರಿಕಾದ ದೇಶಗಳು ಒಂದೊಂದಾಗಿ ಸ್ವತಂತ್ರವಾದವು, ಅಲ್ಲಿಂದಲೂ ಹುಡುಗರು ಬರತೊಡಗಿದರು. ಅವರಿಗಾಗಿ ಬೀಜಿಂಗಿನ ವಿದೇಶಿ ಭಾಷಾ ಸಂಸ್ಥೆಯಲ್ಲಿ ಒಂದು ಪ್ರತ್ಯೇಕ ಕಚೇರಿ ತೆರೆದರು. ಬಂದವರೆಲ್ಲ ಉಳಿಯಲಿಲ್ಲ. ಘಾನಾದಿಂದ ಬಂದಿದ್ದ ಇಮ್ಯಾನುಯೆಲ್ ಹೆವಿ 1963ರಲ್ಲಿ ಬರೆದ ಪುಸ್ತಕದ ಲೆಕ್ಕದಲ್ಲಿ 118 ಆಫ್ರಿಕನ್ ವಿದ್ಯಾರ್ಥಿಗಳಲ್ಲಿ 96 ಮಂದಿ ಓದು ಬಿಟ್ಟು ವಾಪಸಾದರು. ಒಂಟಿತನ, ಬಣ್ಣದ ಬಗ್ಗೆ ತಾತ್ಸಾರ, ಊರಿನವರ ಜೊತೆ ಬೆರೆಯಲು ಬಿಡದ ನಿಗಾ, ಪಾಠಕ್ಕಿಂತ ಹೆಚ್ಚಾದ ರಾಜಕೀಯ ಅಂತ ಅವರು ಕಾರಣ ಕೊಡುತ್ತಾರೆ. ಅದು ಚೀನಾದಲ್ಲಿ ದೊಡ್ಡ ಕ್ಷಾಮದ ಕಾಲ ಅನ್ನುವುದನ್ನೂ ನೆನಪಿಡಬೇಕು. ಈ ಕತೆಯನ್ನು ನಾನು ಬೇಕಂತಲೇ ಬರೆಯುತ್ತಿದ್ದೇನೆ. ಶಾಲೆಯ ಚರಿತ್ರೆ ಅಂದರೆ ಬರೀ ಗ್ರೂಪ್ ಫೋಟೋಗಳಲ್ಲ.

ಆ ಆಫ್ರಿಕನ್ ವಿದ್ಯಾರ್ಥಿಗಳ ಕಚೇರಿ ಮತ್ತು ಪೀಕಿಂಗ್ ವಿಶ್ವವಿದ್ಯಾಲಯದ ಹಳೆಯ ತರಗತಿ 1961ರಲ್ಲಿ ಒಂದಾದವು. 1962ರ ಜೂನಿನಲ್ಲಿ ಅದು ಸ್ವತಂತ್ರ ಸಂಸ್ಥೆಯಾಯಿತು. ಹೆಸರು, ವಿದೇಶಿ ವಿದ್ಯಾರ್ಥಿಗಳ ಉನ್ನತ ಪೂರ್ವಸಿದ್ಧತಾ ಶಾಲೆ. ಇಲ್ಲಿ ಭಾಷೆ ಕಲಿತು ಬೇರೆ ಕಾಲೇಜಿಗೆ ಹೋಗಿ ವೈದ್ಯಕೀಯವನ್ನೋ ಇಂಜಿನಿಯರಿಂಗನ್ನೋ ಓದುವುದು. ಎರಡು-ಮೂರು ವರ್ಷದಲ್ಲೇ ಹೆಸರು ಬೀಜಿಂಗ್ ಭಾಷಾ ಸಂಸ್ಥೆ ಅಂತಾಯಿತು.

ಶಾಲೆ ಹುಟ್ಟಿ ನಾಲ್ಕೇ ತಿಂಗಳಿಗೆ, 1962ರ ಅಕ್ಟೋಬರ್ 20ರಂದು, ಹಿಮಾಲಯದ ಗಡಿಯಲ್ಲಿ ಯುದ್ಧ ಶುರುವಾಯಿತು. ಒಂದು ತಿಂಗಳಿಗೆ ಮುಗಿಯಿತು. ಸೋಲು, ಸಾವು, ನೆಹರೂ ಕುಗ್ಗಿಹೋದದ್ದು, ಇವೆಲ್ಲ ನಮಗೆ ಗೊತ್ತು. ನಮಗೆ ಅಷ್ಟಾಗಿ ಗೊತ್ತಿಲ್ಲದ್ದು ಆ ಯುದ್ಧದಲ್ಲಿ ನಾವು ಕಳೆದುಕೊಂಡ ಭಾಷೆ.

ಯಾಕೆ ಹೀಗನ್ನುತ್ತೇನೆ ಅಂದರೆ, ಅದಕ್ಕೂ ಮೊದಲು ನಮ್ಮಲ್ಲಿ ಚೀನೀ ಕಲಿಕೆ ಚೆನ್ನಾಗೇ ಶುರುವಾಗಿತ್ತು. ಶಾಂತಿನಿಕೇತನದಲ್ಲಿ ರವೀಂದ್ರರು ತಾನ್ ಯುನ್‌ಶಾನ್ ಎಂಬ ಚೀನೀ ವಿದ್ವಾಂಸರ ಜೊತೆ ಸೇರಿ 1937ರಲ್ಲಿ ಚೀನಾಭವನ ತೆರೆದಿದ್ದರು. 1947ರಲ್ಲಿ ಭಾರತ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಕೆಲವರು ಪೀಕಿಂಗ್ ವಿಶ್ವವಿದ್ಯಾಲಯಕ್ಕೆ ಓದಲು ಹೋಗಿದ್ದರು. ಅವರಲ್ಲೊಬ್ಬರು ವಸಂತ ಪರಾಂಜಪೆ. 1954ರಲ್ಲಿ ನೆಹರೂ ಬೀಜಿಂಗಿಗೆ ಹೋಗಿ ಮಾವೋ ಜೊತೆ ಮಾತಾಡಿದಾಗ ದುಭಾಷಿಯಾಗಿದ್ದವರು ಇವರೇ. ಅಂದರೆ ಅವರ ಭಾಷೆ ಬಲ್ಲ ನಮ್ಮದೇ ಮನುಷ್ಯ ಆ ಕೋಣೆಯಲ್ಲಿದ್ದ.

1962ರ ನಂತರ ಆ ದಾರಿ ಮುಚ್ಚಿತು. ಇಲ್ಲೇ ಹುಟ್ಟಿ ಬೆಳೆದ ಚೀನೀ ಮೂಲದ ಸುಮಾರು ಮೂರು ಸಾವಿರ ಜನರನ್ನು ರಾಜಸ್ಥಾನದ ದೇವ್ಳಿ ಶಿಬಿರದಲ್ಲಿ ಕೂಡಿಹಾಕಿದೆವು. ಅಸ್ಸಾಮಿನ, ಡಾರ್ಜಿಲಿಂಗಿನ ಬಡಗಿಗಳು, ಚಿಕ್ಕಪುಟ್ಟ ಅಂಗಡಿಯವರು, ಮಕ್ಕಳು ಮರಿ ಎಲ್ಲ. ರಾಯಭಾರಿಗಳೂ ಇಲ್ಲವಾದರು. ಮತ್ತೆ ಭಾರತದ ರಾಯಭಾರಿ ಬೀಜಿಂಗಿಗೆ ಹೋಗಿದ್ದು 1976ರಲ್ಲಿ. ಮುಂದೆ ರಾಷ್ಟ್ರಪತಿಯಾದ ಕೆ.ಆರ್. ನಾರಾಯಣನ್ ಅವರು. ನಡುವೆ ಹದಿನೈದು ವರ್ಷ. ಜಗಳ ಆಡಿದವನ ಮಾತು ಸರಿಯಾಗಿ ಕೇಳಿಸಿಕೊಳ್ಳಬೇಕಾದ ಕಾಲದಲ್ಲೇ ನಾವು ಕಿವಿ ಮುಚ್ಚಿಕೊಂಡೆವು ಅಂತ ನನಗನ್ನಿಸುತ್ತದೆ.

ಹಾಗಂತ ಆ ಕಡೆಯವರು ಕಿವಿ ತೆರೆದುಕೊಂಡಿದ್ದರು ಅಂತಲ್ಲ. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಶುರುವಾಯಿತು. ಪಾಠಗಳು ನಿಂತವು. ವಿದೇಶಿ ವಿದ್ಯಾರ್ಥಿಗಳಿಗೆ ಸದ್ಯಕ್ಕೆ ನಿಮ್ಮ ನಿಮ್ಮ ಊರಿಗೆ ಹೋಗಿ ಅಂದರು. ಆ 'ಸದ್ಯಕ್ಕೆ' ಏಳು ವರ್ಷ ನಡೆಯಿತು. ಪಾಠ ಹೇಳುವ ಮೇಷ್ಟ್ರುಗಳನ್ನು ದೇಶದುದ್ದಕ್ಕೂ ಹಳ್ಳಿಗಳಿಗೆ ಅಟ್ಟಿ ಗೊಬ್ಬರ ಹೊರಿಸಿದರು. 1971ರಲ್ಲಿ ಭಾಷಾ ಸಂಸ್ಥೆಯನ್ನೇ ರದ್ದು ಮಾಡಿದರು. ಹುಟ್ಟಿದ ಒಂಬತ್ತನೇ ವರ್ಷಕ್ಕೆ ಶಾಲೆ ಇಲ್ಲವಾಯಿತು.

ತಮಾಷೆ ನೋಡಿ, ಅದೇ 1971ರ ಅಕ್ಟೋಬರಿನಲ್ಲಿ ಬೀಜಿಂಗ್ ಸರ್ಕಾರಕ್ಕೆ ವಿಶ್ವಸಂಸ್ಥೆಯಲ್ಲಿ ಸ್ಥಾನ ಸಿಕ್ಕಿತು. ಮರುವರ್ಷ ನಿಕ್ಸನ್ ಬಂದ. ಒಂದಾದ ಮೇಲೊಂದು ದೇಶಗಳು ನಮ್ಮ ಹುಡುಗರನ್ನು ಕಳಿಸುತ್ತೇವೆ ಅನ್ನತೊಡಗಿದವು. ಕಲಿಸುವ ಶಾಲೆಯೇ ಇಲ್ಲ! 1972ರಲ್ಲಿ ಮತ್ತೆ ತೆರೆಯುವ ತೀರ್ಮಾನವಾಯಿತು, 1973ರಲ್ಲಿ ವಿದ್ಯಾರ್ಥಿಗಳು ಬಂದರು. ಅದೇ ವರ್ಷದ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಚೀನೀ ಭಾಷೆಯನ್ನು ತನ್ನ ಕಾರ್ಯಭಾಷೆಗಳಲ್ಲಿ ಸೇರಿಸಿತು.

ಶಾಲೆಗೆ ಈಗಿನ ಜಾಗ ಸಿಕ್ಕಿದ್ದೂ ಆ ಕಾಲದಲ್ಲೇ. 1950ರ ದಶಕದ ಆರಂಭದಲ್ಲಿ ಶುಯೆಯುವಾನ್ ರಸ್ತೆ, ಅಂದರೆ 'ಕಾಲೇಜು ರಸ್ತೆ'ಯಲ್ಲಿ, ಸೋವಿಯತ್ ಮಾದರಿಯಲ್ಲಿ ಎಂಟು ಕಾಲೇಜು ಕಟ್ಟಿದ್ದರು. ಉಕ್ಕಿಗೊಂದು, ಪೆಟ್ರೋಲಿಗೊಂದು, ಭೂಗರ್ಭಶಾಸ್ತ್ರಕ್ಕೊಂದು, ಗಣಿಗೊಂದು, ಹೀಗೆ. ಕ್ರಾಂತಿಯ ಗಲಾಟೆಯಲ್ಲಿ ಗಣಿ ಕಾಲೇಜನ್ನು ಬೀಜಿಂಗಿನಿಂದ ಎತ್ತಂಗಡಿ ಮಾಡಿದ್ದರು. ಖಾಲಿ ಬಿದ್ದಿದ್ದ ಆ ಕಟ್ಟಡಗಳಿಗೆ ಭಾಷಾ ಸಂಸ್ಥೆ ಬಂತು. ಕಲ್ಲಿದ್ದಲು ಅಗೆಯುವುದನ್ನು ಕಲಿಸುತ್ತಿದ್ದ ಜಾಗದಲ್ಲಿ ನಾವು ಅಕ್ಷರ ಅಗೆದೆವು. ಎರಡರಲ್ಲೂ ಬೆನ್ನು ನೋವು ಒಂದೇ ಥರ!

1974ರಲ್ಲಿ ಮಾವೋ ತನ್ನ ಕೈಬರಹದಲ್ಲಿ ಶಾಲೆಯ ಹೆಸರು ಬರೆದುಕೊಟ್ಟ. ಆಗಿನ ಕಾಲದಲ್ಲಿ 'ಬಾಗಿಲು ತೆರೆದ ಓದು' ಅಂತ ಒಂದು ನೀತಿ. ವಿದ್ಯಾರ್ಥಿಗಳು ಪುಸ್ತಕ ಬದಿಗಿಟ್ಟು ಕಾರ್ಖಾನೆಗೆ, ಕಮ್ಯೂನಿಗೆ ಹೋಗಿ ಕೆಲಸ ಮಾಡಬೇಕು. 1975-76ರಲ್ಲಿ ಪೀಕಿಂಗಿನಲ್ಲಿ ಓದಿದ ಇಂಗ್ಲೆಂಡಿನ ಫ್ರಾನ್ಸಿಸ್ ವುಡ್ ಆ ದಿನಗಳ ಬಗ್ಗೆ ಬರೆದ ಪುಸ್ತಕದ ಹೆಸರಲ್ಲೇ ಕೈಬಾಂಬು ಎಸೆಯುವ ಅಭ್ಯಾಸ ಇದೆ. ಅದು ಅವರ ಆಟದ ಪೀರಿಯಡ್ ಆಗಿತ್ತಂತೆ! 1976ರಲ್ಲಿ ಇಥಿಯೋಪಿಯಾದಿಂದ ಮುಲಾತು ತೆಶೊಮೆ ಎಂಬ ಹುಡುಗ ಇಲ್ಲಿಗೆ ಭಾಷೆ ಕಲಿಯಲು ಬಂದ. 2013ರಿಂದ 2018ರವರೆಗೆ ತನ್ನ ದೇಶದ ಅಧ್ಯಕ್ಷನಾಗಿದ್ದ. 1983ರಲ್ಲಿ ಸೋವಿಯತ್ ವಿದೇಶಾಂಗ ಇಲಾಖೆಯಿಂದ ಬಂದು ಕಲಿತ ಕಾಸಿಮ್-ಜೋಮಾರ್ತ್ ತೊಕಾಯೆವ್ 2019ರಲ್ಲಿ ಕಜಾಕಸ್ತಾನದ ಅಧ್ಯಕ್ಷನಾದ. ಆ ಹೊತ್ತಿಗೆ ಸೋವಿಯತ್ ಒಕ್ಕೂಟಕ್ಕೂ ಚೀನಾಕ್ಕೂ ಮುಖ ಕೊಟ್ಟು ಮಾತಾಡದಷ್ಟು ಮುನಿಸು, ಗಡಿಯಲ್ಲಿ ಗುಂಡು ಹಾರಿಸಿ ಹದಿನಾಲ್ಕು ವರ್ಷ ಆಗಿತ್ತು ಅಷ್ಟೆ. ಆದರೂ ಕಲಿಯಲು ಜನ ಕಳಿಸಿದರು ನೋಡಿ.

1981ರಲ್ಲಿ ಇಲ್ಲಿನ ಮೇಷ್ಟ್ರುಗಳು ಬರೆದ 'ಪ್ರಾಕ್ಟಿಕಲ್ ಚೈನೀಸ್ ರೀಡರ್' ಬಂತು. ಅದರ ಪಾತ್ರಗಳಾದ ಗುಬೋ ಮತ್ತು ಪಲಾಂಕಾ ಜಗತ್ತಿನಾದ್ಯಂತ ಚೀನೀ ಕಲಿತವರಿಗೆಲ್ಲ ಗೊತ್ತು, ನಮಗೆ ಕಮಲ ಬಸವ ಇದ್ದ ಹಾಗೆ. ನಾನು ಹೊರಡುವ ಮುಂಚೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಅದರ ಒಂದು ಭಾಗ ಸಿಕ್ಕಿತ್ತು. ಪುಟದಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಕನ್ನಡದಲ್ಲಿ ಉಚ್ಚಾರ ಬರೆದುಕೊಂಡಿದ್ದರು. ಯಾರಿರಬಹುದು ಅಂತ ಈಗಲೂ ಯೋಚಿಸುತ್ತೇನೆ. 1984ರಲ್ಲಿ ಈ ಸಂಸ್ಥೆಯಲ್ಲೇ ಎಚ್‌ಎಸ್‌ಕೆ ಪರೀಕ್ಷೆಯ ಕೆಲಸ ಶುರುವಾಯಿತು. ಇಂಗ್ಲಿಷಿಗೆ ಟೋಫೆಲ್ ಇದ್ದಂತೆ ಚೀನೀ ಭಾಷೆಗೆ ಎಚ್‌ಎಸ್‌ಕೆ. 1996ರಲ್ಲಿ ಸಂಸ್ಥೆ ವಿಶ್ವವಿದ್ಯಾಲಯವಾಯಿತು.

ಇನ್ನು ನನ್ನ ಕ್ಲಾಸಿನ ವಿಷಯ. ಹದಿನೆಂಟು ಜನ, ಹತ್ತು ದೇಶ. ಈ ಕ್ಯಾಂಪಸ್ಸನ್ನು 'ಚಿಕ್ಕ ವಿಶ್ವಸಂಸ್ಥೆ' ಅಂತ ಕರೆಯುವುದು ಸುಮ್ಮನೆ ಅಲ್ಲ. ಮೊದಲ ತಿಂಗಳು ಬರೀ ಸ್ವರಾಘಾತ. ಒಂದೇ 'ಮಾ' ನಾಲ್ಕು ರಾಗದಲ್ಲಿ ಅಮ್ಮ, ಸೆಣಬು, ಕುದುರೆ, ಬೈಗುಳ ಆಗುತ್ತದೆ. 'ಮಾಯ್' ಅನ್ನುವುದನ್ನು ಇಳಿಸಿ ಏರಿಸಿದರೆ ಕೊಳ್ಳುವುದು, ಬರೀ ಇಳಿಸಿದರೆ ಮಾರುವುದು. ಹಣ್ಣಿನಂಗಡಿಯಲ್ಲಿ ನಾನು ಸೇಬು ಮಾರಲು ಬಂದಿದ್ದೇನೆ ಅಂತ ಹೇಳಿ ನಗೆಪಾಟಲಾದೆ.

ಆದರೆ ಒಂದು ವಿಷಯದಲ್ಲಿ ನಾನು ಗೆದ್ದೆ. ಪಿನ್‌ಯಿನ್‌ನಲ್ಲಿ 'ಬಿ' ಅಂತ ಬರೆದದ್ದನ್ನು ಓದುವುದು ಹೆಚ್ಚುಕಮ್ಮಿ ನಮ್ಮ 'ಪ', 'ಪಿ' ಅಂತ ಬರೆದದ್ದು ನಮ್ಮ ಮಹಾಪ್ರಾಣ 'ಫ'. 'ಜಿ' ಅಂತ ಇದ್ದರೆ 'ಕ', 'ಕೆ' ಇದ್ದರೆ 'ಖ'. ಬೀಜಿಂಗನ್ನು ಅವರ ಬಾಯಲ್ಲಿ ಕೇಳಿದರೆ 'ಪೇಯ್‌ಚಿಂಗ್' ಅನ್ನಿಸುತ್ತದೆ. ಅಮೆರಿಕದ ಹುಡುಗನಿಗೆ ಇದು ಅರ್ಥವಾಗಲು ಎರಡು ವಾರ ಬೇಕಾಯಿತು. ಒಂದನೇ ಕ್ಲಾಸಿನಲ್ಲಿ ಕಾಗುಣಿತ ತಿದ್ದಿದ ನನಗೆ ಎರಡು ನಿಮಿಷ ಸಾಕಾಯಿತು.

ಇದು ಬರೀ ಕಾಕತಾಳೀಯ ಅಲ್ಲ ಅಂತ ಆಮೇಲೆ ಗೊತ್ತಾಯಿತು. ತಾಂಗ್ ಕಾಲದ ಕೊನೆಯ ಹೊತ್ತಿಗೆ ಚೀನೀ ಪಂಡಿತರು ತಮ್ಮ ಭಾಷೆಯ ವ್ಯಂಜನಗಳನ್ನು ಪಟ್ಟಿ ಮಾಡಿದರು. ಸಂಪ್ರದಾಯದ ಪ್ರಕಾರ ಅದನ್ನು ಮಾಡಿದ್ದು ಶೌವೆನ್ ಎಂಬ ಬೌದ್ಧ ಸನ್ಯಾಸಿ. ಸಂಸ್ಕೃತದ ವರ್ಣಮಾಲೆ ಕಲಿತಿದ್ದ ಬೌದ್ಧರ ಪ್ರಭಾವ ಅದರ ಮೇಲಿದೆ. ಪಟ್ಟಿಯ ಒಂದು ಸಾಲು ಜಿಯನ್, ಶಿ, ಚುನ್, ಯಿ. ಇದು ಈಗಿನ ಉಚ್ಚಾರ. ಆ ಕಾಲದಲ್ಲಿ ಈ ನಾಲ್ಕು ಅಕ್ಷರಗಳ ಮೊದಲ ಧ್ವನಿ ಏನಿತ್ತು ಗೊತ್ತೇ? ಕ, ಖ, ಗ, ಙ. ಇನ್ನೊಂದು ಸಾಲು ಪ, ಫ, ಬ, ಮ. ಮಹಾಪ್ರಾಣ ಘ, ಭ ಅವರಲ್ಲಿ ಇರಲಿಲ್ಲ, ಹಾಗಾಗಿ ಐದರ ಬದಲು ನಾಲ್ಕು. ಲೈಬ್ರರಿಯಲ್ಲಿ ಅದನ್ನು ನೋಡಿದಾಗ ಗುರುತಿಲ್ಲದ ಊರಿನ ಬಸ್‌ಸ್ಟ್ಯಾಂಡಿನಲ್ಲಿ ನೆಂಟರು ಸಿಕ್ಕಂತಾಯಿತು.

ವರ್ಷದ ಕೊನೆಗೆ ನಮ್ಮ ಲಾವ್‌ಶಿ (ಅಂದರೆ ಮೇಷ್ಟ್ರು, ನಮಗಿದ್ದದ್ದು ಟೀಚರಮ್ಮ) ಮನೆಯ ಹಿರಿಯರೊಬ್ಬರ ಬಗ್ಗೆ ಐದು ನಿಮಿಷ ಮಾತಾಡಿ ಅಂದರು. ನಾನು ಅಜ್ಜಿಯ ಸರದ ಕತೆ ಹೇಳಿದೆ. 1962, ಯುದ್ಧ, ಎಲ್ಲ. ಹೇಳುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ಆಕೆ ನಡುವೆ ಎರಡು ಸಲ ತಡೆದರು. ಎರಡು ಸಲವೂ 'ಯುದ್ಧ' ಅನ್ನುವ ಪದದ ಉಚ್ಚಾರ ತಿದ್ದಲು! ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜಿಗೆ ಸರ ವಾಪಸ್ ಸಿಕ್ಕಿತಾ?" ಅಂತ ಕೇಳಿದರು. ಇಲ್ಲ, ಅದು ದಾನ ಅಂದೆ. "ನಮ್ಮಜ್ಜಿಯಾಗಿದ್ದರೂ ಹಾಗೇ ಕೊಟ್ಟಿರುತ್ತಿದ್ದಳು" ಅಂದರು. ಗಡಿ ಎಲ್ಲಿರಬೇಕು ಅನ್ನುವ ಮಾತು ನಾವಿಬ್ಬರೂ ಎತ್ತಲಿಲ್ಲ. ಎತ್ತಿದ್ದರೆ ಒಪ್ಪುತ್ತಲೂ ಇರಲಿಲ್ಲವೇನೋ. ಆದರೆ ಆ ಒಂದು ಪ್ರಶ್ನೆ ಕೇಳಿಸಿಕೊಳ್ಳಲು ನನಗೆ ಒಂದು ವರ್ಷದ ಓದು ಬೇಕಾಗಿತ್ತು.

ಈ ಬಾಗಿಲು ಮತ್ತೆ ಮುಚ್ಚಿದ್ದನ್ನೂ ನೋಡಿದೆವು. 2020ರಲ್ಲಿ ಮೊದಲು ಕೊರೋನಾ, ಜೂನಿನಲ್ಲಿ ಗಲ್ವಾನ್. ಚೀನಾದಲ್ಲಿ ಓದುತ್ತಿದ್ದ ಸಾವಿರಾರು ಭಾರತೀಯ ವಿದ್ಯಾರ್ಥಿಗಳು, ಹೆಚ್ಚಿನವರು ಡಾಕ್ಟರಿಕೆಯವರು, ಎರಡು ವರ್ಷಕ್ಕೂ ಮೇಲೆ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಪಾಠ ಕೇಳಿದರು. 2022ರ ಆಗಸ್ಟಿನಲ್ಲಷ್ಟೇ ಮತ್ತೆ ವೀಸಾ ಸಿಗತೊಡಗಿತು. ನಿಂತಿದ್ದ ನೇರ ವಿಮಾನ ಶುರುವಾಗಿದ್ದು 2025ರ ಅಕ್ಟೋಬರಿನಲ್ಲಿ. ಶಾಲೆ ತೆರೆಯುವುದು, ಮುಚ್ಚುವುದು ದೊಡ್ಡವರ ಕೈಯಲ್ಲಿದೆ. ಆದರೆ ಕಲಿತವನ ಬಾಯಿಂದ ಭಾಷೆಯನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಕ್ಕಾಗುವುದಿಲ್ಲ.

ನಾನು ವಾಪಸ್ ಬಂದ ದಿನ ಅಜ್ಜಿ ಜಗಲಿಯಲ್ಲಿ ಕೂತಿದ್ದರು. "ಎಲ್ಲಿ, ಅವರ ಭಾಷೇಲಿ ಏನಾದ್ರೂ ಮಾತಾಡು ನೋಡಣ" ಅಂದರು. "ನೀ ಛಿ ಲ ಮಾ?" ಅಂದೆ.

"ಹಂಗಂದ್ರೇನೋ?"

"ಊಟ ಆಯ್ತಾ ಅಂತ ಅಜ್ಜಿ. ಅಲ್ಲಿ ಹಳಬರು ದಾರೀಲಿ ಸಿಕ್ಕಿದ್ರೆ ಮೊದಲು ಕೇಳೋದು ಇದನ್ನೇ."

ಅಜ್ಜಿ ನನ್ನ ಮುಖವನ್ನೇ ನೋಡಿದರು. "ಓಹೋ, ಅವರೂ ಹಂಗೇ ಕೇಳ್ತಾರಾ?" ಅಂದು, ಆಮೇಲೆ ಏನೋ ನೆನಪಾದವರಂತೆ, "ನಿಂದಾಯ್ತೇನೋ? ಏಳು, ಕೈಕಾಲು ತೊಳ್ಕೊಂಡು ಬಾ" ಅಂತ ಎದ್ದು ಒಳಗೆ ಹೋದರು.